ಕೈಚಳಕದಲ್ಲಿ ಯಾರು ಮೇಲು?

"ಜಾದೂ ಬಗ್ಗೆ ಏನು ಬೇಕಾದರೂ ಕೇಳಿ" ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಕಾಗದಗಳು ಬಂದಿವೆ, ವಾಟ್ಸ್‌ಆಪ್‌ನಲ್ಲೂ ಬಂದಿವೆ. ಹೆಚ್ಚಿನವರು ಕೇಳಿದ್ದು ಒಂದೇ: ಕೈಚಳಕದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಸಾಲಿನಲ್ಲಿ. ನಾನು ಉಡುಪಿಯವನು. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತನಾದೆ. ರಜೆಯ ದಿನಗಳಲ್ಲಿ ಶಾಲೆಗಳಲ್ಲಿ, ಯುವಕ ಮಂಡಲಗಳಲ್ಲಿ, ಮದುವೆ ಮನೆಗಳಲ್ಲಿ ನಾಣ್ಯ ಮತ್ತು ಇಸ್ಪೀಟಿನ ಜಾದೂ ಮಾಡುತ್ತಾ ಬಂದವನು. ಪೆಟ್ಟಿಗೆ, ಗರಗಸ, ಹೊಗೆ ಯಾವುದೂ ನನ್ನ ಬಳಿ ಇರಲಿಲ್ಲ. ಎರಡು ಕೈ ಇತ್ತು, ಅಷ್ಟೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ದೊಡ್ಡ ಚರ್ಚೆ. ಕೈಚಳಕದಲ್ಲಿ ಪ್ರಪಂಚಕ್ಕೇ ಮೊದಲಿಗರು ಪಿ.ಸಿ. ಸರ್ಕಾರ್ ಅಂತ ನಾನು. ಮಗ ಕೊರಿಯಾದ ಒಬ್ಬ ಹುಡುಗನ ವಿಡಿಯೊ ತೋರಿಸಿ "ಇವನೇ" ಅನ್ನುತ್ತಾನೆ. ನೀವು ತೀರ್ಮಾನ ಹೇಳಿ. – ಕುಂದಾಪುರದ ಓದುಗರು

ಸರ್ಕಾರ್ ಅವರ ಹೆಸರು ಬಂದರೆ ನಾನು ಈಗಲೂ ಎದ್ದು ನಿಲ್ಲುತ್ತೇನೆ. 1956ರಲ್ಲಿ ಬಿಬಿಸಿ ಟಿವಿಯಲ್ಲಿ ಅವರು ಒಬ್ಬ ಹುಡುಗಿಯನ್ನು ಗರಗಸದಲ್ಲಿ ಎರಡು ಭಾಗ ಮಾಡಿದರು. ಅವಳು ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮದ ಸಮಯ ಮುಗಿದು ಪ್ರಸಾರ ನಿಂತಿತು. ಹುಡುಗಿ ಸತ್ತೇ ಹೋದಳು ಅಂದುಕೊಂಡು ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. 1971ರಲ್ಲಿ ಜಪಾನಿನಲ್ಲಿ ಪ್ರದರ್ಶನ ಕೊಡಲು ಹೋದಾಗಲೇ ತೀರಿಕೊಂಡರು. ಆದರೆ ಅವರ ವಿಭಾಗ ಬೇರೆ. ಅವರದ್ದು ಇಡೀ ಮೇಳ: ವೇಷ, ಬೆಳಕು, ಪೆಟ್ಟಿಗೆ, ಹತ್ತಾರು ಜನ. ನೀವು ಕೇಳುತ್ತಿರುವುದು ಒಬ್ಬ ಮದ್ದಲೆಗಾರನ ಬೆರಳಿನ ಬಗ್ಗೆ. ಮೇಳ ಚೆನ್ನಾಗಿದೆ ಅಂತ ಮದ್ದಲೆಗೆ ಮಾರ್ಕು ಕೊಡಲಿಕ್ಕಾಗುವುದಿಲ್ಲ ಅಲ್ವಾ?

ಕೈಚಳಕದವರ ಹತ್ತಿರ ಇರುವುದು ಇಸ್ಪೀಟು, ನಾಣ್ಯ, ಚೆಂಡು, ಸಿಗರೇಟು, ಕೆಲವರಲ್ಲಿ ಪಾರಿವಾಳ. ಅವರ ಕೈ ಖಾಲಿ ಇದೆ ಅಂತ ನಮಗೆ ಕಾಣಬೇಕು, ಆಮೇಲೆ ಆ ಖಾಲಿ ಕೈಯಿಂದ ವಸ್ತು ಬರಬೇಕು. ಇಂಥವರಲ್ಲಿ ನನ್ನ ಮೊದಲ ಸ್ಥಾನ ಕಾರ್ಡಿನಿಗೆ. ತುಂಬಾ ವರ್ಷ ಯೋಚಿಸಿ ಹೇಳುತ್ತಿದ್ದೇನೆ.

ಕಾರ್ಡಿನಿಯ ನಿಜವಾದ ಹೆಸರು ರಿಚರ್ಡ್ ಪಿಚ್‌ಫೋರ್ಡ್. 1895ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದವರು. ಮೊದಲನೇ ಮಹಾಯುದ್ಧದಲ್ಲಿ ಸೈನಿಕನಾಗಿ ಕಂದಕದಲ್ಲಿ ಕೂತಿದ್ದಾಗ ಇಸ್ಪೀಟು ಅಭ್ಯಾಸ ಮಾಡುತ್ತಿದ್ದರು. ಚಳಿ ಎಷ್ಟಿತ್ತೆಂದರೆ ಕೈಗವಸು ತೆಗೆಯುವ ಹಾಗಿರಲಿಲ್ಲ. ಹಾಗಾಗಿ ಕೈಗವಸು ಹಾಕಿಕೊಂಡೇ ಕಲಿತರು. ಮುಂದೆ ವೇದಿಕೆಯಲ್ಲೂ ಬಿಳಿ ಕೈಗವಸು ಹಾಕಿಕೊಂಡೇ ಇಸ್ಪೀಟು ಆಡಿಸಿದರು.

ಇದು ಎಷ್ಟು ಕಷ್ಟ ಅಂತ ನಮ್ಮ ಕಡೆಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಕೈಗವಸು ಹಾಕಿಕೊಂಡು ಶಂಕರಪುರ ಮಲ್ಲಿಗೆ ಕಟ್ಟಿ ನೋಡಿ. ಬಾಳೆನಾರು ಎಲ್ಲಿದೆ, ಮೊಗ್ಗಿನ ತೊಟ್ಟು ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದೇ ಇಲ್ಲ. ನನಗೆ ಕ್ಯಾಶ್ ಕೌಂಟರಿನ ಅನುಭವ ಇದೆ. ಎರಡು ನೋಟು ಅಂಟಿಕೊಂಡಿದ್ದರೆ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತದೆ. ಆ ಹೆಬ್ಬೆರಳಿಗೆ ಬಟ್ಟೆ ಸುತ್ತಿದರೆ ನಾನು ಕ್ಯಾಶಿಯರೇ ಅಲ್ಲ. ಶಾಲೆಯ ಬ್ಯಾಂಡ್ ಸೆಟ್ಟಿನ ಬಿಳಿ ಕೈಗವಸು ತಂದು ಒಂದು ಬೇಸಿಗೆ ರಜೆ ಪೂರ್ತಿ ಪ್ರಯತ್ನ ಮಾಡಿದ್ದೆ. ಒಂದು ಇಸ್ಪೀಟು ಎಲೆಯನ್ನು ಅಂಗೈಯಿಂದ ಮುಂಗೈ ಹಿಂದೆ ಸರಿಸಲು ಬಂತು. ಎರಡನೆಯದು ಬರಲಿಲ್ಲ. ಕಾರ್ಡಿನಿ ಬೀಸಣಿಗೆ ಬೀಸಣಿಗೆಯಾಗಿ ಎಲೆಗಳನ್ನು ತೆಗೆಯುತ್ತಿದ್ದರು.

ಆದರೆ ಮೊದಲ ಸ್ಥಾನ ಕೈಗವಸಿಗಲ್ಲ. ಅವರ ಆಟವನ್ನು 1957ರಲ್ಲಿ ಅಮೆರಿಕದ ಟಿವಿಯವರು ಪ್ರಸಾರ ಮಾಡಿದರು. ಅದರ ಚಿತ್ರ ಈಗಲೂ ನೋಡಲು ಸಿಗುತ್ತದೆ. ದಯವಿಟ್ಟು ನೋಡಿ. ಒಬ್ಬ ಸಿರಿವಂತ ಸಜ್ಜನ ಬರುತ್ತಾನೆ. ಎತ್ತರದ ಟೋಪಿ, ಹೆಗಲ ಮೇಲೆ ಕೇಪು, ಒಂದು ಕಣ್ಣಿಗೆ ಗಾಜು. ಸ್ವಲ್ಪ ಕುಡಿದಿದ್ದಾನೆ. ಜೊತೆಗೆ ಹೋಟೆಲಿನ ಹುಡುಗನ ಸಮವಸ್ತ್ರದಲ್ಲಿ ಅವರ ಹೆಂಡತಿ ಸ್ವಾನ್. ಮಾತಿಲ್ಲ. ಈ ಮನುಷ್ಯನಿಗೆ ಜಾದೂ ಮಾಡುವ ಮನಸ್ಸೇ ಇಲ್ಲ. ಸುಮ್ನೆ ನಿಂತಿದ್ದಾಗ ಕೈಯಲ್ಲಿ ಇಸ್ಪೀಟು ಬರುತ್ತದೆ. "ಇದೇನಪ್ಪಾ" ಅನ್ನುವ ಹಾಗೆ ನೋಡಿ ಬಿಸಾಡುತ್ತಾನೆ. ಮತ್ತೆ ಬರುತ್ತದೆ. ಬಿಸಾಡುತ್ತಾನೆ. ಮತ್ತೆ. ಆಮೇಲೆ ಹೊತ್ತಿದ ಸಿಗರೇಟು ಬರುತ್ತದೆ, ಒಂದಾದ ಮೇಲೆ ಒಂದು. ಗಾಬರಿಯಿಂದ ಹುಬ್ಬು ಮೇಲೆ ಹೋದಾಗ ಕಣ್ಣಿನ ಗಾಜು ಜಾರಿ ಕೆಳಗೆ ಬೀಳುತ್ತದೆ.

ಇಲ್ಲೇ ನನಗೆ ಅವರು ಎಲ್ಲರಿಗಿಂತ ಮೇಲೆ ಕಾಣುವುದು. ಉಳಿದವರು "ನೋಡಿ, ನಾನು ಮಾಡಿದೆ" ಅನ್ನುತ್ತಾರೆ. ಕಾರ್ಡಿನಿಗೆ ಅದು "ಆಗಿಹೋಗುತ್ತದೆ". ಮಾಡುವ ಮನಸ್ಸೇ ಇಲ್ಲದವನ ಕೈಯನ್ನು ಯಾರು ಅನುಮಾನದಿಂದ ನೋಡುತ್ತಾರೆ? ನಾವು ನೋಡುವುದು ಅವನ ಮುಖವನ್ನು. ಆ ಹೊತ್ತಿಗೆ ಕೈ ತನ್ನ ಕೆಲಸ ಮುಗಿಸಿರುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ಪಾತ್ರದ ಒಳಗೆ ಪೂರ್ತಿ ಇಳಿದ ಮೇಲೆ ಅವನ ಹೆಜ್ಜೆಯ ಲೆಕ್ಕ ನಮಗೆ ಮರೆತೇ ಹೋಗುತ್ತದಲ್ಲ, ಹಾಗೆ.

ಎರಡನೆಯವರು ಹಾಲೆಂಡಿನ ಫ್ರೆಡ್ ಕ್ಯಾಪ್ಸ್. ಜಾದೂಗಾರರಿಗೆ ಫಿಸ್ಮ್ ಅಂತ ಒಂದು ವಿಶ್ವ ಸ್ಪರ್ಧೆ ಉಂಟು. ಅದರ ಅತಿ ದೊಡ್ಡ ಬಹುಮಾನವನ್ನು ಇವರು ಮೂರು ಸಲ ಗೆದ್ದರು: 1950, 1955 ಮತ್ತು 1961. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಮೊದಲ ಬಾರಿಗೆ ಅಮೆರಿಕದ ಎಡ್ ಸಲಿವನ್ ಶೋನಲ್ಲಿ ಹಾಡಿತು. ಅವರ ಮೊದಲ ಸುತ್ತಿನ ಹಾಡು ಮುಗಿದ ಕೂಡಲೇ ಬಂದದ್ದು ಇದೇ ಕ್ಯಾಪ್ಸ್. ಇಡೀ ದೇಶದ ಹುಡುಗಿಯರು ಬೊಬ್ಬೆ ಹೊಡೆದು ಸುಸ್ತಾಗಿದ್ದ ಹೊತ್ತು. ಅವರು ಒಂದು ಚಿಟಿಕೆ ಉಪ್ಪು ತೆಗೆದುಕೊಂಡರು. ಅದು ಮುಷ್ಟಿಯಿಂದ ಸುರಿಯಲು ಶುರುವಾಯಿತು, ನಿಲ್ಲಲೇ ಇಲ್ಲ. ಅವರ ಮುಖದಲ್ಲೂ "ಇದೇಕೆ ನಿಲ್ಲುತ್ತಿಲ್ಲ" ಅನ್ನುವ ಪೇಚಾಟ. ಇಸ್ಪೀಟು, ನಾಣ್ಯ, ಉಪ್ಪು, ಹಗ್ಗ, ಯಾವುದನ್ನು ಕೊಟ್ಟರೂ ಕ್ಯಾಪ್ಸ್ ಒಂದೇ ಮಟ್ಟದಲ್ಲಿ ಮಾಡುತ್ತಿದ್ದರು. "ಬೆರಳಿನ ಅಳತೆ ಮಾತ್ರ ನೋಡುತ್ತೇನೆ" ಅನ್ನುವವರು ಕ್ಯಾಪ್ಸ್ ಅವರನ್ನು ಒಂದನೇ ಸ್ಥಾನಕ್ಕೆ ಹಾಕಿದರೆ ನಾನು ಜಗಳಕ್ಕೆ ಬರುವುದಿಲ್ಲ.

ನಾಣ್ಯದಲ್ಲಿ ಮಾತ್ರ ಟಿ. ನೆಲ್ಸನ್ ಡೌನ್ಸ್. ಅಮೆರಿಕದ ಅಯೋವಾದಲ್ಲಿ ರೈಲ್ವೆ ಟೆಲಿಗ್ರಾಫ್ ಕೆಲಸ. ರೈಲು ಬರುವವರೆಗೆ ಕೈಗೆ ಕೆಲಸವಿಲ್ಲ, ನಾಣ್ಯ ತಿರುಗಿಸುತ್ತಾ ಕೂತರು. 1899ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರಿಗೆ ಹೋಗಿ ಗಾಳಿಯಿಂದ ನಾಣ್ಯ ಹೆಕ್ಕಿ ಟೋಪಿಗೆ ಹಾಕುವ ಆಟದಿಂದ ಹೆಸರು ಮಾಡಿದರು. ಟಣ್, ಟಣ್ ಅಂತ ಬೀಳುವ ಆ ಶಬ್ದ ಕ್ಯಾಶಿಯರನ ಕಿವಿಗೆ ಎಷ್ಟು ಇಷ್ಟ ಅಂತ ಹೇಳಬೇಕಿಲ್ಲ. ಪಾರಿವಾಳದಲ್ಲಿ ಚ್ಯಾನಿಂಗ್ ಪೊಲಾಕ್. ಅವರ ನಂತರ ಪಾರಿವಾಳ ತೆಗೆದವರೆಲ್ಲ ಅವರ ನಿಲುವನ್ನೇ ಅನುಸರಿಸಿದರು.

ಇನ್ನು ನಿಮ್ಮ ಮಗ ತೋರಿಸಿದ್ದು ಯು ಹೋ-ಜಿನ್ ಅವರದ್ದೇ ಇರಬೇಕು. ಅದರ ಬಗ್ಗೆ ಪುತ್ತೂರಿನಿಂದಲೂ ಪ್ರಶ್ನೆ ಬಂದಿದೆ, ಕೆಳಗೆ ಓದಿ.

ಪ್ರಶ್ನೆ: ಕಣ್ಣಿಗಿಂತ ಕೈ ವೇಗ ಅಂತ ಹೇಳುತ್ತಾರೆ. ಹಾಗಾದರೆ ಯಾರ ಕೈ ಅತಿ ವೇಗವೋ ಅವರೇ ದೊಡ್ಡವರು ಅಂತ ಅಳೆಯಬಹುದಲ್ಲ? – ಕಾಪುವಿನಿಂದ, ನಿವೃತ್ತ ಪಿ.ಟಿ. ಮೇಷ್ಟ್ರು

ಮೇಷ್ಟ್ರೇ, ಓಟದ ಸ್ಪರ್ಧೆಯ ಹಾಗೆ ಗಡಿಯಾರ ಹಿಡಿದು ಅಳೆಯಲು ಆಗುವುದಾದರೆ ನನಗೂ ಸುಲಭವಾಗುತ್ತಿತ್ತು. ಆದರೆ ಕಣ್ಣಿಗಿಂತ ಕೈ ವೇಗ ಅನ್ನುವುದು ನಿಜವಲ್ಲ. ನಿಮ್ಮ ಮುಖದ ಮುಂದೆ ಕೈಯನ್ನು ಎಷ್ಟು ಜೋರಾಗಿ ಬೀಸಿದರೂ ಅದು ಬೀಸಿದ್ದು ನಿಮಗೆ ಕಾಣುತ್ತದೆ. ವೇಗವಾಗಿ ಮಾಡಿದರೆ "ಏನೋ ಮಾಡಿದ" ಎಂದು ಜನರಿಗೆ ಗೊತ್ತಾಗಿಯೇ ಆಗುತ್ತದೆ.

ಇದನ್ನು ನನಗೆ ಕಲಿಸಿದ್ದು ಜಾದೂಗಾರರಲ್ಲ, ನನ್ನ ಅಮ್ಮ. ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ, ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಒಂದು ಕಡೆ ಹೊಗೆಸೊಪ್ಪಿನ ಪುಡಿ. ಎಲೆ ಎತ್ತಿ, ಪುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ದಿನಕ್ಕೆ ಸಾವಿರ ಬೀಡಿ. ನಾನು ಎದುರು ಕೂತು ನೂಲಿನ ಗಂಟು ಯಾವಾಗ ಬೀಳುತ್ತದೆ ಅಂತ ನೋಡಲು ಪ್ರಯತ್ನ ಮಾಡುತ್ತಿದ್ದೆ. ಒಮ್ಮೆಯೂ ಸಿಗುತ್ತಿರಲಿಲ್ಲ. ಅಮ್ಮನ ಕೈ ಅಷ್ಟೇನೂ ವೇಗವಿರಲಿಲ್ಲ. ಆದರೆ ಅವರು ಕೈಯನ್ನು ನೋಡುತ್ತಲೇ ಇರಲಿಲ್ಲ. ಪಕ್ಕದ ಮನೆಯವರ ಜೊತೆ ಮಾತಾಡುತ್ತಾ ರಸ್ತೆ ನೋಡುತ್ತಿದ್ದರು. ಅವರು ತಲೆ ಎತ್ತಿ "ಬಸ್ಸು ಬಂತು ನೋಡು" ಅಂದರೆ ನಾನೂ ರಸ್ತೆ ನೋಡುತ್ತಿದ್ದೆ. ಅಷ್ಟರಲ್ಲಿ ಗಂಟು ಬಿದ್ದಾಗಿತ್ತು.

ಜಾದೂವಿನ ಅರ್ಧ ಪಾಠ ಅದರಲ್ಲೇ ಇದೆ. ಜಾದೂಗಾರ ಎಲ್ಲಿ ನೋಡುತ್ತಾನೋ ಜನ ಅಲ್ಲೇ ನೋಡುತ್ತಾರೆ. ಇನ್ನರ್ಧ: ದೊಡ್ಡ ಚಲನೆಯ ಒಳಗೆ ಸಣ್ಣ ಚಲನೆಯನ್ನು ಅಡಗಿಸುವುದು. ತೋಳು ಪೂರ್ತಿ ಮೇಲೆ ಹೋಗುವಾಗ ಬೆರಳು ಅರ್ಧ ಅಂಗುಲ ಸರಿದದ್ದು ಯಾರಿಗೂ ಕಾಣುವುದಿಲ್ಲ.

ನಿಧಾನವೇ ಸಾಮರ್ಥ್ಯ ಅನ್ನುವುದಕ್ಕೆ ಅರ್ಜೆಂಟೀನಾದ ರೆನೆ ಲಾವಂದ್ ಅವರನ್ನು ನೋಡಿ. 1928ರಲ್ಲಿ ಹುಟ್ಟಿದವರು. ಒಂಬತ್ತನೇ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈ ಹೋಯಿತು. ಉಳಿದ ಎಡಗೈ ಒಂದರಲ್ಲೇ ಇಸ್ಪೀಟು ಕಲಸಿ, ಹಂಚಿ, ಆಟ ತೋರಿಸಿದರು. ಅದೂ ಎಷ್ಟು ನಿಧಾನ! ಎಲೆಯನ್ನು ಮೇಜಿನ ಮೇಲೆ ಒಂದೊಂದಾಗಿ ಇಡುತ್ತಾ, ಕಥೆ ಹೇಳುತ್ತಾ, ಇದಕ್ಕಿಂತ ನಿಧಾನವಾಗಿ ಮಾಡಲು ಆಗುವುದಿಲ್ಲ ಎಂದು ಹೇಳುತ್ತಾರೆ. ಮತ್ತೆ ಇನ್ನೂ ನಿಧಾನವಾಗಿ ಮಾಡುತ್ತಾರೆ. ಆದರೂ ಸಿಗುವುದಿಲ್ಲ. ಅವರು ಮೇಜಿನ ಬಳಿಯ ಜಾದೂಗಾರ, ಹಾಗಾಗಿ ವೇದಿಕೆಯವರ ಪಟ್ಟಿಗೆ ಸೇರಿಸಲಿಲ್ಲ. ಆದರೆ ನನಗೆ ಬೇಸರವಾದ ದಿನ ನಾನು ಹಾಕಿ ನೋಡುವುದು ಲಾವಂದ್ ಅವರ ವಿಡಿಯೊವನ್ನೇ.

ಪ್ರಶ್ನೆ: ನೀವು ಯಾವಾಗಲೂ ವಿದೇಶದವರ ಹೆಸರನ್ನೇ ಹೇಳುತ್ತೀರಿ. ನಮ್ಮ ಸಂತೆ, ಜಾತ್ರೆಗಳಲ್ಲಿ ನೆಲದ ಮೇಲೆ ಕೂತು ಜಾದೂ ಮಾಡುವವರು ಇದ್ದರಲ್ಲ, ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೇ? – ಬಂಟ್ವಾಳದ ಓದುಗರು

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ನಾನು ಜಾದೂಗೆ ಬಿದ್ದದ್ದೇ ಅಂಥ ಒಬ್ಬರಿಂದ.

ಆಗ ನಾನು ನಾಲ್ಕನೇ ಕ್ಲಾಸು. ಜನವರಿಯ ಸಪ್ತೋತ್ಸವದ ಸಮಯ, ಉಡುಪಿಯ ರಥಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಬೀದಿಯ ಹೊರಗೆ ಒಂದು ಮೂಲೆಯಲ್ಲಿ ಒಬ್ಬರು ಗೋಣಿ ಹಾಸಿಕೊಂಡು ಕೂತಿದ್ದರು. ಎದುರಿಗೆ ಮೂರು ಮರದ ಬಟ್ಟಲು ಮಗುಚಿ ಇಟ್ಟಿದ್ದರು. ನಮ್ಮ ದೇಶದ ಜಾದೂ ಬಟ್ಟಲಿನ ತಲೆಯ ಮೇಲೆ ಒಂದು ಗುಬ್ಬಿ ಇರುತ್ತದೆ, ಅದನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು ಎತ್ತುತ್ತಾರೆ. ಬಟ್ಟೆಯ ಸಣ್ಣ ಉಂಡೆಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ, ಅವರ ಹೆಗಲಿಗೂ ನನ್ನ ಮೂಗಿಗೂ ಒಂದು ಗೇಣು. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದರು. ಅಲ್ಲಿಂದಲೂ ನನಗೆ ಏನೂ ಕಾಣಲಿಲ್ಲ. ಕೊನೆಗೆ ಬಟ್ಟಲು ಎತ್ತಿದಾಗ ಉಂಡೆಯ ಜಾಗದಲ್ಲಿ ಒಂದು ಲಿಂಬೆಹಣ್ಣು ಇತ್ತು. ಅದರ ವಾಸನೆ ಈಗಲೂ ಮೂಗಿನಲ್ಲಿದೆ.

ಈಗ ಯೋಚನೆ ಮಾಡಿ. ಕಾರ್ಡಿನಿಯ ಎದುರು ಮಾತ್ರ ಜನ. ಹಿಂದೆ ಪರದೆ, ಎರಡೂ ಬದಿ ಗೋಡೆ. ಬೆಳಕು ಅವರು ಹೇಳಿದ ಹಾಗೆ. ಕೈಯ ಹಿಂದೆ ಅಡಗಿಸಿದ್ದು ಹಿಂದಿನವರಿಗೆ ಕಾಣಬಹುದು, ಆದರೆ ಹಿಂದೆ ಯಾರೂ ಇಲ್ಲ. ನಮ್ಮ ಬೀದಿಯವರ ಸುತ್ತ ನಾಲ್ಕೂ ಕಡೆ ಜನ, ಮೇಲೆ ಬಿಸಿಲು, ಕೆಳಗೆ ನೆಲ. ಮೇಜಿಲ್ಲ, ಕೋಟಿಲ್ಲ, ಕಿಸೆ ಕೂಡ ಸರಿ ಇಲ್ಲ.

ಈ ವ್ಯತ್ಯಾಸ ನನಗೆ ಪೆಟ್ಟು ತಿಂದ ಮೇಲೆ ಪೂರ್ತಿ ಅರ್ಥವಾಯಿತು. ಒಮ್ಮೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದರು. ಎದುರು ಮಾತ್ರ ಮಕ್ಕಳನ್ನು ಕೂರಿಸಿ ಎಂದು ಮೊದಲೇ ಹೇಳಿದ್ದೆ. ಹೋಗಿ ನೋಡಿದರೆ ವೇದಿಕೆಯ ಎರಡೂ ಬದಿಗೆ ಅತಿಥಿಗಳಿಗೆ ಕುರ್ಚಿ ಹಾಕಿದ್ದರು. ಬದಲಾಯಿಸಲು ಕೇಳಿದೆ, ಸಮಯವಿಲ್ಲ ಅಂದರು. ಮುಂಗೈ ಹಿಂದೆ ಇಟ್ಟ ಎಲೆ ಎಡಗಡೆಯ ಕುರ್ಚಿಯವರಿಗೆ ಕಂಡಿತು. ಅವರು ಪಕ್ಕದವರಿಗೆ ಬೆರಳು ಮಾಡಿ ತೋರಿಸಿದರು, ಮುಂದಿನ ಸಾಲಿನ ಮಕ್ಕಳೂ ಅತ್ತ ತಿರುಗಿದರು. ಆಟ ಅಲ್ಲಿಗೇ ಮುಗಿಯಿತು. ಮಕ್ಕಳ ಮುಖದಲ್ಲಿ ಆ ಬೆರಗು ಆರಿಹೋದದ್ದನ್ನು ನೋಡಿ ನನಗೆ ತುಂಬಾ ನೋವಾಯಿತು. ಆ ರಾತ್ರಿ ರಥಬೀದಿಯ ಆ ಮನುಷ್ಯರ ಬೆನ್ನು ನೆನಪಾಯಿತು. ಬೆನ್ನ ಹಿಂದೆಯೂ ಜನರನ್ನು ನಿಲ್ಲಿಸಿಕೊಂಡು ಆಡಿದರಲ್ಲ!

ಹಾಗಾಗಿ ನನ್ನ ಮಾತು ಇದು. ವೇದಿಕೆಯ ಪಟ್ಟಿ ಬೇರೆ, ಬಯಲಿನ ಪಟ್ಟಿ ಬೇರೆ. ಬಯಲಿನ ಪಟ್ಟಿಯಲ್ಲಿ ನಮ್ಮವರ ಹತ್ತಿರ ಬರುವವರು ಪ್ರಪಂಚದಲ್ಲಿ ಕಡಿಮೆ. ದುಃಖ ಏನೆಂದರೆ ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಡೌನ್ಸ್ ಯಾವ ವರ್ಷ ಯಾವ ಥಿಯೇಟರಿನಲ್ಲಿ ಆಡಿದರು ಅಂತ ನಾನು ಹೇಳಬಲ್ಲೆ. ನನಗೆ ಲಿಂಬೆಹಣ್ಣು ತೋರಿಸಿದವರ ಊರು ಕೂಡ ನನಗೆ ಗೊತ್ತಿಲ್ಲ.

ಹೆಸರು ಉಳಿದ ಒಬ್ಬರು ಪಕ್ಕದ ಕೇರಳದಲ್ಲಿದ್ದರು: ವಾಳಕುನ್ನಂ ನಂಬೂದಿರಿ. ಅಲ್ಲಿನವರು ಅವರನ್ನು ಕೇರಳ ಜಾದೂವಿನ ಪಿತಾಮಹ ಅನ್ನುತ್ತಾರೆ. ಇದೇ ಬಟ್ಟಲು ಮತ್ತು ಉಂಡೆಯ ಆಟವನ್ನು ಬೀದಿಯಿಂದ ಎತ್ತಿ ಮನೆ ಜಗುಲಿಗೆ, ಸಭೆಗೆ ತಂದವರು. ಕೈಚಳಕಕ್ಕೆ ಮಲಯಾಳಿಗಳು 'ಕೈಯಡಕ್ಕಂ' ಅನ್ನುತ್ತಾರೆ, ಕೈಯೊಳಗೆ ಅಡಕ ಮಾಡುವುದು. ನಮ್ಮ ಮಾತಿಗಿಂತ ಅದು ಕೆಲಸಕ್ಕೆ ಇನ್ನೂ ಹತ್ತಿರ ಅಂತ ನನಗೆ ಅನಿಸುತ್ತದೆ. ನಾವು ಚಳಕ ಅಂದಾಗ ಮನಸ್ಸಿಗೆ ವೇಗ ಬರುತ್ತದೆ. ಅವರ ಮಾತಿನಲ್ಲಿ ವೇಗದ ಸುಳಿವೇ ಇಲ್ಲ.

ಪ್ರಶ್ನೆ: ಕೊರಿಯಾದ ಜಾದೂಗಾರನ ವಿಡಿಯೊ ನೋಡಿದೆ. ಇಸ್ಪೀಟಿನ ಬಣ್ಣವೇ ಬದಲಾಗುತ್ತದೆ. ಇದು ಕಂಪ್ಯೂಟರ್ ಎಡಿಟಿಂಗ್ ಅಲ್ವಾ? – ಪುತ್ತೂರು

ಅಲ್ಲ. ಯು ಹೋ-ಜಿನ್ ಅದನ್ನು 2012ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ನಡೆದ ಫಿಸ್ಮ್ ಸ್ಪರ್ಧೆಯಲ್ಲಿ ಜನರ ಎದುರೇ ಮಾಡಿ ವೇದಿಕೆಯ ಅತಿ ದೊಡ್ಡ ಬಹುಮಾನ ಗೆದ್ದರು. ಅಲ್ಲಿ ತೀರ್ಪುಗಾರರೂ ಜಾದೂಗಾರರೇ, ಸಭೆಯ ತುಂಬ ಜಾದೂಗಾರರೇ. ಎಡಿಟಿಂಗ್‌ಗೆ ಅವಕಾಶವಿಲ್ಲ. ಎಲೆಗಳನ್ನು ಅವರು ಗಾಳಿಯಲ್ಲಿ ಬಿಡುವ ರೀತಿ ಬಹಳ ಚೆಂದ. ಕಾರ್ಡಿನಿ ನಡೆದ ಮಾತಿಲ್ಲದ ಜಾದೂವಿನ ದಾರಿ ಇವರವರೆಗೆ ಬಂದಿದೆ. ಅವರ ಮುಖದಲ್ಲಿ ಕಥೆ ಇನ್ನಷ್ಟು ಬರಲಿ ಅಂತ ನನ್ನ ಆಸೆ. ವಯಸ್ಸು ಇನ್ನೂ ಇದೆ.

ಪ್ರಶ್ನೆ: ನಿಮ್ಮ ಯಾವ ಪಟ್ಟಿಯಲ್ಲೂ ಹೆಂಗಸರ ಹೆಸರೇ ಇರುವುದಿಲ್ಲ. ಹೆಂಗಸರಿಗೆ ಕೈಚಳಕ ಬರುವುದಿಲ್ಲವೇ? – ಸುರತ್ಕಲ್ಲಿನ ಗೃಹಿಣಿ

ತಪ್ಪು ನನ್ನದು, ಒಪ್ಪುತ್ತೇನೆ. ಬೀಡಿ ಕಟ್ಟುವ, ಮಲ್ಲಿಗೆ ಕಟ್ಟುವ ಊರಿನಲ್ಲಿ ಹುಟ್ಟಿ ಈ ತಪ್ಪು ಮಾಡಬಾರದಿತ್ತು.

ಡೌನ್ಸ್ ಅವರ ಕಾಲದಲ್ಲೇ ಟಾಲ್ಮಾ ಎಂಬ ಹೆಸರಿನಿಂದ ಒಬ್ಬ ಮಹಿಳೆ ನಾಣ್ಯದ ಕೈಚಳಕ ತೋರಿಸುತ್ತಿದ್ದರು. ಗಂಡ ಸೆರ್ವೆ ಲೆ ರಾಯ್ ದೊಡ್ಡ ಆಟಗಳ ಜಾದೂಗಾರ, ಇವರು ನಾಣ್ಯದ ರಾಣಿ ಎಂದೇ ಹೆಸರಾದವರು. ಬೆಲ್ಜಿಯಂನ ಸುಝಿ ವಾಂಡಾಸ್ ಎಂಬ ಮಹಿಳೆ ಇಸ್ಪೀಟು, ನಾಣ್ಯ, ಸಿಗರೇಟುಗಳಲ್ಲಿ ಗಂಡಸರಿಗೆ ಯಾವುದರಲ್ಲೂ ಕಡಿಮೆ ಇರಲಿಲ್ಲ. ಒಂದು ವಿಷಯ ಗಮನಿಸಿ. ಗಂಡಸರ ಜಾದೂ ಕೋಟಿಗೆ ತೋಳು ಉದ್ದ, ಒಳಗೆ ಕಿಸೆಯ ಮೇಲೆ ಕಿಸೆ. ತೋಳಿಲ್ಲದ ಉಡುಪಿನಲ್ಲಿ ನಿಂತ ಹೆಂಗಸಿಗೆ ಅಡಗಿಸಲು ಇರುವುದು ಬೆರಳ ಸಂದಿ ಮಾತ್ರ. ಹಾಗೆ ನೋಡಿದರೆ ಕಷ್ಟದ ಲೆಕ್ಕದಲ್ಲಿ ಅವರೇ ಮುಂದೆ.

ಸ್ವಾನ್ ಅವರ ಬಗ್ಗೆಯೂ ಹೇಳಲೇಬೇಕು. ಕಾರ್ಡಿನಿಯ ಆಟದಲ್ಲಿ ಅವರು ಬಂದು ಹೋಗುವ ಸಮಯ ಒಂದು ಕ್ಷಣ ಹೆಚ್ಚು ಕಡಿಮೆಯಾದರೂ ಇಡೀ ಆಟ ಬಿದ್ದುಹೋಗುತ್ತಿತ್ತು. ನಾವು ಒಬ್ಬರ ಹೆಸರು ಹೇಳಿ ಇಬ್ಬರ ಕೆಲಸ ಹೊಗಳುತ್ತಿದ್ದೇವೆ.

ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಜಾದೂ ಕಲಿಯುವ ಆಸೆ ಇದ್ದರೆ ದಯವಿಟ್ಟು ತಡೆಯಬೇಡಿ.

ಪ್ರಶ್ನೆ: ಗಾಳಿಯಿಂದ ನಾಣ್ಯ ಬರುವ ಗುಟ್ಟು ಏನು? ಬಿಡಿಸಿ ಬರೆಯಿರಿ. – ಮೂಡುಬಿದಿರೆ

ಬರೆಯುವುದಿಲ್ಲ. ಕಲಿಯುವವರು ನನ್ನ ಎದುರು ಬಂದು ಕೂತರೆ ಸಂತೋಷದಿಂದ ಹೇಳಿಕೊಡುತ್ತೇನೆ. ಸುಮ್ನೆ ಕುತೂಹಲಕ್ಕೆ ಹೇಳಿದರೆ ನಿಮಗೆ ಐದು ನಿಮಿಷದ ಖುಷಿ. ಇನ್ನು ಮುಂದೆ ಯಾವ ಜಾದೂಗಾರನನ್ನು ನೋಡಿದರೂ ಆ ಖುಷಿ ಸಿಗುವುದಿಲ್ಲ.

ಒಂದು ಸಂದರ್ಭ ಮಾತ್ರ ಬೇರೆ. ಇದೇ ಕೈಚಳಕದಿಂದ ವಿಭೂತಿ, ಉಂಗುರ ತೆಗೆದು "ನನಗೆ ದೈವಶಕ್ತಿ ಇದೆ" ಅಂತ ಹೇಳಿ ಜನರಿಂದ ದುಡ್ಡು ಕಿತ್ತರೆ ಆಗ ಗುಟ್ಟು ಹೇಳಲೇಬೇಕು. ನಮ್ಮ ಮಂಗಳೂರಿನ ನರೇಂದ್ರ ನಾಯಕ್ ಊರೂರು ತಿರುಗಿ ಇಂಥ ಪವಾಡಗಳನ್ನು ತಾವೇ ಮಾಡಿ, ಹೇಗೆ ಮಾಡಿದ್ದು ಅಂತಲೂ ತೋರಿಸಿದವರು. ಜಾದೂಗಾರ "ಇದು ಆಟ" ಎಂದು ಮೊದಲೇ ಒಪ್ಪಿಕೊಂಡು ನಿಮ್ಮ ಎದುರು ನಿಂತಿರುತ್ತಾನೆ. ಅವನ ಗುಟ್ಟನ್ನು ಕಾಯುವುದು ನನ್ನ ಕೆಲಸ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ಕೈಚಳಕ ಕಲಿಯಬೇಕು. ನನ್ನ ಕೈ ಸಣ್ಣದು. ಇಸ್ಪೀಟು ತಂದೆ, ಆದರೆ ಮಳೆಗಾಲದಲ್ಲಿ ಎಲೆಗಳು ಅಂಟಿಕೊಳ್ಳುತ್ತವೆ. ಏನು ಮಾಡಲಿ? – ಕಾರ್ಕಳದ ವಿದ್ಯಾರ್ಥಿನಿ

ಈ ಪತ್ರ ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮೊದಲು ಇಸ್ಪೀಟು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಕಾಗದದ ಎಲೆ ಬಿಡುತ್ತದೆಯೇ? ಗಾಳಿಯಾಡದ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೋ. ಔಷಧಿ ಬಾಟಲಿ, ಹೊಸ ಚೀಲಗಳ ಒಳಗೆ ಬರುವ ಸಿಲಿಕಾ ಜೆಲ್ ಪುಡಿಕೆಗಳನ್ನು ಬಿಸಾಡಬೇಡ, ಅವನ್ನು ಡಬ್ಬಿಗೆ ಹಾಕು. ಮುಟ್ಟುವ ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೋ. ಟಾಲ್ಕಂ ಪೌಡರ್ ಹಾಕಬೇಡ, ತೇವಕ್ಕೆ ಅದು ಗಂಟಾಗುತ್ತದೆ. ವೃತ್ತಿಯವರು ಜಿಂಕ್ ಸ್ಟಿಯರೇಟ್ ಪುಡಿ ಬಳಸುತ್ತಾರೆ, ನಿನಗೆ ಈಗ ಬೇಡ. ಎಲೆ ಕೊಳ್ಳುವಾಗ ಅಗಲ ನೋಡು. ಜಾದೂಗಾರರು ಹೆಚ್ಚಾಗಿ ಬಳಸುವುದು 63 ಮಿಲಿಮೀಟರ್ ಅಗಲದ್ದು. 57 ಮಿಲಿಮೀಟರಿನ ಕಿರಿದಾದ ಎಲೆಯೂ ಸಿಗುತ್ತದೆ, ಸಣ್ಣ ಕೈಗೆ ಅದೇ ಒಳ್ಳೆಯದು.

ಆದರೆ ನೀನು ನಾಣ್ಯದಿಂದ ಶುರು ಮಾಡು. ಮಳೆಗಾಲ ನಾಣ್ಯಕ್ಕೆ ಏನೂ ಮಾಡುವುದಿಲ್ಲ. ನಮ್ಮ ಸೆಕೆಯ ಬೆವರು ಇಸ್ಪೀಟಿಗೆ ಶತ್ರು, ನಾಣ್ಯಕ್ಕೆ ಅಂಟು. ಈಗಿನ ಒಂದು ರೂಪಾಯಿ ತುಂಬಾ ಸಣ್ಣದು, ಅಂಗೈಯಲ್ಲಿ ನಿಲ್ಲುವುದಿಲ್ಲ. 10 ರೂಪಾಯಿಯ ನಾಣ್ಯ 27 ಮಿಲಿಮೀಟರ್ ಇದೆ, ತೂಕವೂ ಇದೆ. ಅದು ಸರಿ. ಅಜ್ಜಿಯ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಇದ್ದರೆ ಕೇಳಿ ಒಮ್ಮೆ ಹಿಡಿದು ನೋಡು. 30 ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, ಹನ್ನೊಂದೂವರೆ ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಮೆರಿಕದ ಜಾದೂಗಾರರ ಅಚ್ಚುಮೆಚ್ಚಿನ ಅರ್ಧ ಡಾಲರೂ ಹೆಚ್ಚುಕಡಿಮೆ ಅಷ್ಟೇ ಅಗಲ. ಹಿಡಿದು ನೋಡಿ ವಾಪಸ್ ಕೊಡು, ಅದರಲ್ಲಿ ಅಭ್ಯಾಸ ಮಾಡಬೇಡ.

ಈಗ 10 ರೂಪಾಯಿಯನ್ನು ಅಂಗೈಯ ನಡುವೆ ಇಡು. ಹೆಬ್ಬೆರಳ ಬುಡದ ದಿಬ್ಬ ಒಂದು ಕಡೆ, ಕಿರುಬೆರಳ ಕೆಳಗಿನ ದಿಬ್ಬ ಇನ್ನೊಂದು ಕಡೆ. ಆ ಎರಡು ದಿಬ್ಬ ನಾಣ್ಯದ ಅಂಚನ್ನು ಹಿಡಿಯಬೇಕು. ಒತ್ತಿ ಹಿಡಿಯಬೇಡ, ಒತ್ತಿದರೆ ಹೆಬ್ಬೆರಳು ಒಳಗೆ ಬಾಗಿ ಗುಟ್ಟು ಬಿಟ್ಟುಕೊಡುತ್ತದೆ. ನಾಣ್ಯ ಬೀಳದಿರುವಷ್ಟೇ ಸಾಕು. ಆಮೇಲೆ ಕೈಯನ್ನು ತಿರುಗಿಸಿ ಕೆಳಗೆ ಬಿಡು. ಬಿದ್ದರೆ ಎತ್ತಿಕೋ, ಮತ್ತೆ ಇಡು. ಮೊದಲ ವಾರ ಬೀಳುತ್ತಲೇ ಇರುತ್ತದೆ. ಮಂಚದ ಮೇಲೆ ನಿಂತು ಮಾಡಿದರೆ ಬಗ್ಗುವ ಕಷ್ಟವಾದರೂ ತಪ್ಪುತ್ತದೆ. ಸಣ್ಣ ಕೈ ಅಂತ ಚಿಂತೆ ಬೇಡ, ಈ ಹಿಡಿತಕ್ಕೆ ದಿಬ್ಬ ಬೇಕು, ಉದ್ದ ಬೆರಳು ಬೇಡ.

ನಿಂತ ಮೇಲೆ ಮುಂದಿನ ಪಾಠ: ನಾಣ್ಯ ಹಿಡಿದುಕೊಂಡೇ ಬೇರೆ ಕೆಲಸ ಮಾಡು. ನೀರಿನ ಲೋಟ ಎತ್ತು, ಪುಸ್ತಕದ ಪುಟ ತಿರುಗಿಸು, ಅಮ್ಮನಿಗೆ ತೆಂಗಿನಕಾಯಿ ತೆಗೆದುಕೊಡು. ಕನ್ನಡಿ ಎದುರು ನಿಂತು ಎರಡೂ ಕೈ ನೋಡು, ನಾಣ್ಯ ಇರುವ ಕೈ ಇಲ್ಲದ ಕೈಯ ಹಾಗೇ ಕಾಣಬೇಕು. ಆಮೇಲೆ ಕನ್ನಡಿ ಬಿಟ್ಟು ಮನೆಯವರ ಜೊತೆ ಮಾತಾಡು. ಮಾತಾಡುವಾಗ ನಿನ್ನ ಕಣ್ಣು ಕೈ ಕಡೆ ಹೋಗದಿರಲಿ.

ಮೂರು ತಿಂಗಳು ದಿನಾ ಮಾಡಿ ನನಗೆ ಪತ್ರ ಬರಿ. ಊಟದ ಹೊತ್ತಿಗೆ ಅಂಗೈಯಲ್ಲಿ ನಾಣ್ಯ ಇಟ್ಟುಕೊಂಡೇ ಎಲ್ಲರಿಗೂ ಅನ್ನ ಬಡಿಸಿದೆ, ಯಾರಿಗೂ ಗೊತ್ತಾಗಲಿಲ್ಲ ಅಂತ ಬರೆದರೆ ಎರಡನೇ ಪಾಠ ಕಳಿಸುತ್ತೇನೆ.